ರ‍್ಯಾಮ್ ತರುವ ಮೊದಲು ಬೋರ್ಡ್ ನೋಡಿ

ಬಾದನಹಟ್ಟಿಯಲ್ಲಿ ಝೆರಾಕ್ಸ್ ಅಂಗಡಿಯನ್ನೋ ಆನ್‌ಲೈನ್ ಅರ್ಜಿ ಕೇಂದ್ರವನ್ನೋ ನಡೆಸುವವರಿಗೆ ಮೌಸ್, ಕೀಬೋರ್ಡ್ ಹತ್ತಿರದಲ್ಲೇ ಸಿಕ್ಕಾವು. ಹತ್ತು ವರ್ಷದ ಹಳೆಯ ಬೋರ್ಡಿಗೆ ಹೊಂದುವ ರ‍್ಯಾಮ್ ಬೇಕೆಂದರೆ ಮಾತ್ರ ಬಳ್ಳಾರಿಯ ಬಸ್ಸು ಹತ್ತಲೇಬೇಕು. ಕುರುಗೋಡಿನವರದ್ದೂ ಸಿರುಗುಪ್ಪದ ಕಡೆಯ ಹಳ್ಳಿಗಳವರದ್ದೂ ಇದೇ ಪಾಡು. ತಂದದ್ದು ಹೊಂದಲಿಲ್ಲವೆಂದರೆ ಮತ್ತೊಂದು ದಿನ ಅಂಗಡಿಗೆ ಬೀಗ, ಮತ್ತೊಮ್ಮೆ ಬಸ್ ಚಾರ್ಜು. ಇದರ ಮೇಲೆ ‘ಒಮ್ಮೆ ಹಾಕಿ ನೋಡಿದ ಮಾಲು ವಾಪಸ್ ತಗೊಳ್ಳಲ್ಲ’ ಎಂಬ ಅಂಗಡಿಯವರ ಮಾತು ಬೇರೆ.

ತಪ್ಪು ಮಾಡಿದರೆ ತೆರಬೇಕಾದ ಬೆಲೆಯೂ ಈಗ ದೊಡ್ಡದು. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನೆಲ್ಲೆಡೆ ಮೆಮೊರಿಯ ದರ ಒಮ್ಮೆಲೇ ಏರಿತು. ರ‍್ಯಾಮ್ ಚಿಪ್ಪುಗಳ ಬಹುಪಾಲನ್ನು ಮಾಡುವವು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಕೊಡುವ ಹಣ ಹೆಚ್ಚು, ಹಾಗಾಗಿ ಕಾರ್ಖಾನೆಗಳು ಅತ್ತ ತಿರುಗಿದವು. ಮೈಕ್ರಾನ್ ಅಂತೂ ನಮ್ಮಂಥವರಿಗೆ ಮಾರುತ್ತಿದ್ದ ‘ಕ್ರೂಷಿಯಲ್’ ಬ್ರಾಂಡಿನ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೊಸದು ದುಬಾರಿಯಾದಾಗ ಜನ ಸೆಕೆಂಡ್ ಹ್ಯಾಂಡ್ ಮಾಲಿನತ್ತ ಹೋಗುವುದು ಸಹಜ. ಹೊಂದದ ರ‍್ಯಾಮ್ ಕೈಗೆ ಬರುವುದು ಅಲ್ಲಿಯೇ ಹೆಚ್ಚು.

ಅಂಗಡಿಗಳಲ್ಲಿ ದಿನವೂ ಕೇಳುವ ಮಾತು ಒಂದಿದೆ: ‘ಅಣ್ಣಾ, ಸಿಸ್ಟಮ್ ಬಾಳ ಸ್ಲೋ ಐತೆ, ಒಂದು ಎಂಟು ಜಿಬಿ ರ‍್ಯಾಮ್ ಕೊಡು.’ ಅಂಗಡಿಯಾತ ‘ಯಾವ ಬೋರ್ಡು?’ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಎಷ್ಟು ಜಿಬಿ ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಮ್ಮ ಸಿಪಿಯು ಡಬ್ಬಿಯೊಳಗಿನ ಮದರ್‌ಬೋರ್ಡ್ ಯಾವ ತಲೆಮಾರಿನ, ಯಾವ ಅಳತೆಯ, ಯಾವ ವೋಲ್ಟೇಜಿನ ರ‍್ಯಾಮನ್ನು ಒಪ್ಪುತ್ತದೆ, ಹೆಚ್ಚೆಂದರೆ ಎಷ್ಟನ್ನು ಒಪ್ಪುತ್ತದೆ ಎಂಬುದನ್ನು ಮನೆಯಲ್ಲೇ ತಿಳಿದು ಚೀಟಿಯಲ್ಲಿ ಬರೆದುಕೊಂಡು ಬಸ್ಸು ಹತ್ತಿದರೆ, ಉಳಿದ ಕೆಲಸ ಐದು ನಿಮಿಷದ್ದು.

ಅದಕ್ಕೂ ಮುಂಚೆ, ಬೇಕಿರುವುದು ರ‍್ಯಾಮೇ ಹೌದೇ ಎಂದು ನೋಡಿಕೊಳ್ಳಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಅರ್ಜಿ ಟೈಪ್ ಮಾಡಿ, 2001ರಲ್ಲಿ ಬಂದ ಪೇಜ್‌ಮೇಕರ್ 7ರಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ ಕಾಲಕ್ಕೆ 512 ಎಂಬಿ ಧಾರಾಳವಾಗಿತ್ತು. ಈಗ ಪಹಣಿ, ಜಾತಿ ಪ್ರಮಾಣಪತ್ರ, ಬೆಳೆ ವಿಮೆ, ಪಿಂಚಣಿ ಎಲ್ಲವೂ ಬ್ರೌಸರಿನಲ್ಲೇ ನಡೆಯುತ್ತವೆ. ನಾಲ್ಕು ಜನ ಸಾಲಿನಲ್ಲಿ ನಿಂತಿದ್ದರೆ ನಾಲ್ಕು ವೆಬ್‌ಸೈಟುಗಳು ತೆರೆದಿರುತ್ತವೆ. ಜೊತೆಗೆ ಮೊಬೈಲಿನಿಂದ ಫೋಟೋ ತರಿಸಿಕೊಳ್ಳಲು ವಾಟ್ಸಾಪ್, ಸ್ಕ್ಯಾನರಿನ ಸಾಫ್ಟ್‌ವೇರ್, ಬೆರಳಚ್ಚು ಯಂತ್ರದ ಸಾಫ್ಟ್‌ವೇರ್. 4 ಜಿಬಿಯ ಕಂಪ್ಯೂಟರ್ ಅಲ್ಲಿಗೆ ಸುಸ್ತು. ರ‍್ಯಾಮ್ ತುಂಬಿದ ಮೇಲೆ ವಿಂಡೋಸ್ ಉಳಿದದ್ದನ್ನು ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ ಇಟ್ಟು ತೆಗೆದು ಮಾಡತೊಡಗುತ್ತದೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಒಂದು ಮಾಹಿತಿಯನ್ನು ಹುಡುಕಿ ಕೊಡಲು ಸುಮಾರು 10 ಮಿಲಿಸೆಕೆಂಡ್ ತೆಗೆದುಕೊಂಡರೆ ರ‍್ಯಾಮ್ ತೆಗೆದುಕೊಳ್ಳುವುದು 100 ನ್ಯಾನೋಸೆಕೆಂಡಿನಷ್ಟು. ಲಕ್ಷ ಪಟ್ಟು ವ್ಯತ್ಯಾಸ. ‘ಹ್ಯಾಂಗ್ ಆಯ್ತು’ ಎಂದು ನಾವು ಅನ್ನುವಾಗ ಒಳಗೆ ಎಷ್ಟೋ ಸಲ ನಡೆಯುತ್ತಿರುವುದು ಇದೇ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದನ್ನು ಅಂಗಡಿಯಲ್ಲಿ ಗಿರಾಕಿಗಳಿರುವ ಹೊತ್ತಿನಲ್ಲಿ, ಕೆಲಸ ನಡೆಯುತ್ತಿರುವಾಗಲೇ ನೋಡಬೇಕು. ಮೆಮೊರಿ ಶೇ 85, 90 ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಬೇಕು. ಮೆಮೊರಿ ಅರ್ಧಕ್ಕಿದ್ದು ಡಿಸ್ಕ್ ಮಾತ್ರ ಶೇ 100ರಲ್ಲಿ ಕೂತಿದ್ದರೆ ರ‍್ಯಾಮ್ ಹಾಕಿಸಿ ಪ್ರಯೋಜನವಿಲ್ಲ, ಆ ಹಣವನ್ನು ಎಸ್‌ಎಸ್‌ಡಿಗೆ ಹಾಕಬೇಕು. ಎರಡೂ ತುಂಬಿದ್ದರೆ ಮೊದಲು ರ‍್ಯಾಮ್, ಆಮೇಲೆ ಎಸ್‌ಎಸ್‌ಡಿ. ಈ ಒಂದು ನೋಟವನ್ನು ನೋಡದೆ ಹಣ ಕಳೆದುಕೊಂಡವರು ಬಹಳ ಜನ.

ಇನ್ನೊಂದು ತಡೆ ವಿಂಡೋಸಿನಲ್ಲೇ ಇರುತ್ತದೆ. ಹಳೆಯ ಪ್ರಿಂಟರಿಗಾಗಿಯೋ ಹಳೆಯ ಸಾಫ್ಟ್‌ವೇರಿಗಾಗಿಯೋ ಈಗಲೂ 32 ಬಿಟ್ ವಿಂಡೋಸ್ ಇಟ್ಟುಕೊಂಡವರಿದ್ದಾರೆ. 32 ಬಿಟ್‌ನಲ್ಲಿ ಎಣಿಸಲಾಗುವ ವಿಳಾಸಗಳು 429 ಕೋಟಿ ಚಿಲ್ಲರೆ, ಅಂದರೆ 4 ಜಿಬಿ. ಅದರಲ್ಲೂ ಒಂದು ಪಾಲು ಬೋರ್ಡಿನ ಇತರ ಭಾಗಗಳಿಗೆ ಹೋಗಿ ಮೂರೂ ಕಾಲು, ಮೂರೂವರೆ ಜಿಬಿ ಬಳಕೆಗೆ ಉಳಿಯುತ್ತದೆ. ಅಂಥದರಲ್ಲಿ 8 ಜಿಬಿ ಹಾಕಿದರೂ ಕಾಣುವುದು ಅಷ್ಟೇ. ರ‍್ಯಾಮ್ ಕೆಟ್ಟದ್ದೆಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ‘ಸಿಸ್ಟಮ್ ಪ್ರಾಪರ್ಟೀಸ್’ನಲ್ಲಿ 64 ಬಿಟ್ ಇದೆಯೇ ಎಂದು ನೋಡಬೇಕು.

ಈಗ ತಲೆಮಾರಿನ ವಿಷಯ. ರ‍್ಯಾಮಿನ ಮಾನದಂಡಗಳನ್ನು ಗೊತ್ತುಮಾಡುವ ಸಂಸ್ಥೆ ಜೆಡೆಕ್. ಡಿಡಿಆರ್2 ಮಾನದಂಡ ಬಂದದ್ದು 2003ರಲ್ಲಿ, ಡಿಡಿಆರ್3 2007ರಲ್ಲಿ, ಡಿಡಿಆರ್4 2012ರಲ್ಲಿ, ಡಿಡಿಆರ್5 2020ರಲ್ಲಿ. ಅಂಗಡಿಗಳಲ್ಲಿ ಸಾಮಾನ್ಯವಾಗಲು ಪ್ರತಿಯೊಂದಕ್ಕೂ ಆಮೇಲೆ ಒಂದಷ್ಟು ಕಾಲ ಹಿಡಿದಿದೆ. ವೋಲ್ಟೇಜು 1.8ರಿಂದ 1.5ಕ್ಕೆ, ಅಲ್ಲಿಂದ 1.2ಕ್ಕೆ, ಈಗ 1.1ಕ್ಕೆ ಇಳಿದಿದೆ. ಡೆಸ್ಕ್‌ಟಾಪಿನ ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನು, ಡಿಡಿಆರ್4, ಡಿಡಿಆರ್5 ಎರಡಕ್ಕೂ 288. ಪಿನ್ನಿನ ಸಂಖ್ಯೆ ಒಂದೇ ಇದ್ದರೂ ಕೆಳಗಿನ ಕಚ್ಚಿನ ಜಾಗ ಬೇರೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರಬಾರದೆಂದೇ ಆ ಕಚ್ಚನ್ನು ಸರಿಸಿದ್ದಾರೆ. ಕೂರದ್ದನ್ನು ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಲು ಹೋದವರು ರ‍್ಯಾಮನ್ನೂ ಸ್ಲಾಟನ್ನೂ ಕಳೆದುಕೊಳ್ಳುತ್ತಾರೆ. ಲ್ಯಾಪ್‌ಟಾಪಿನ ರ‍್ಯಾಮ್ ಅರ್ಧದಷ್ಟು ಉದ್ದದ್ದು: ಡಿಡಿಆರ್3ಕ್ಕೆ 204 ಪಿನ್ನು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262.

ಪ್ರೊಸೆಸರಿನ ಹೆಸರು ಗೊತ್ತಿದ್ದರೆ ತಲೆಮಾರು ಬಹುತೇಕ ಗೊತ್ತಾದಂತೆಯೇ. ಇಂಟೆಲ್ ಕೋರ್‌ನ ಎರಡು, ಮೂರು, ನಾಲ್ಕನೇ ಜನರೇಷನ್‌ಗಳಿಗೆ ಡಿಡಿಆರ್3. ಆರನೆಯದರಿಂದ ಹನ್ನೊಂದನೆಯವರೆಗೆ ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಡಿಡಿಆರ್4, ಆದರೆ ಆರನೇ ಜನರೇಷನ್ನಿನ ಕೆಲವು ಬೋರ್ಡುಗಳು ಕಡಿಮೆ ವೋಲ್ಟೇಜಿನ ಡಿಡಿಆರ್3ಎಲ್ ಕೇಳುತ್ತವೆ. ಹನ್ನೆರಡು, ಹದಿಮೂರು, ಹದಿನಾಲ್ಕನೆಯವಕ್ಕೆ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಪ್ರೊಸೆಸರ್ ಎರಡಕ್ಕೂ ಒಪ್ಪಿದರೂ ಬೋರ್ಡಿನಲ್ಲಿ ಇರುವ ಸ್ಲಾಟೇ ಕೊನೆಯ ಮಾತು. ಎಎಂಡಿಯಲ್ಲಿ ಇಷ್ಟು ಗೋಜಲಿಲ್ಲ: ಎಎಂ4 ಸಾಕೆಟ್ ಎಂದರೆ ಡಿಡಿಆರ್4, ಎಎಂ5 ಎಂದರೆ ಡಿಡಿಆರ್5.

ಬೋರ್ಡಿನ ಹೆಸರು ಕಂಡುಹಿಡಿಯಲು ಡಬ್ಬಿ ಬಿಚ್ಚಲೇಬೇಕೆಂದಿಲ್ಲ. ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ‘ಮೇನ್‌ಬೋರ್ಡ್’ ಪುಟದಲ್ಲಿ ಬೋರ್ಡಿನ ಮಾದರಿಯನ್ನೂ ಚಿಪ್‌ಸೆಟ್ಟನ್ನೂ ತೋರಿಸುತ್ತದೆ. ‘ಎಸ್‌ಪಿಡಿ’ ಪುಟದಲ್ಲಿ ಯಾವ ಸ್ಲಾಟಿನಲ್ಲಿ ಯಾವ ಕಂಪನಿಯ ಎಂಥ ರ‍್ಯಾಮ್ ಇದೆ ಎಂಬುದು ಬರುತ್ತದೆ. ಪ್ರತಿ ರ‍್ಯಾಮಿನ ಮೇಲೂ ತನ್ನ ವಿವರವನ್ನು ಬರೆದಿಟ್ಟುಕೊಂಡ ಒಂದು ಪುಟ್ಟ ಚಿಪ್ಪು ಇರುತ್ತದೆ. ಸಾಫ್ಟ್‌ವೇರ್ ಓದುವುದು ಅದನ್ನೇ. ಇಲ್ಲಿ ಒಂದು ಎಚ್ಚರ ಬೇಕು. ಸಿಪಿಯು-ಝಡ್‌ನ ‘ಮೆಮೊರಿ’ ಪುಟದಲ್ಲಿ 2666 ವೇಗದ ರ‍್ಯಾಮ್ 1333 ಎಂದು ಕಾಣುತ್ತದೆ. ಮೋಸ ಹೋದೆನೆಂದು ಗಾಬರಿಯಾಗಬೇಕಿಲ್ಲ. ಡಿಡಿಆರ್ ರ‍್ಯಾಮ್ ಗಡಿಯಾರದ ಒಂದೊಂದು ಬಡಿತಕ್ಕೆ ಎರಡೆರಡು ಸಲ ಮಾಹಿತಿ ಸಾಗಿಸುತ್ತದೆ, ಅದು ತೋರಿಸುವುದು ಬಡಿತದ ಲೆಕ್ಕ. ಎರಡರಿಂದ ಗುಣಿಸಿದರೆ ಅಂಗಡಿಯ ಲೆಕ್ಕ ಸಿಗುತ್ತದೆ. ಲಿನಕ್ಸ್ ಬಳಸುವವರಿಗೆ ‘ಡಿಎಂಐಡಿಕೋಡ್’ ಎಂಬ ಆಜ್ಞೆ ಇವನ್ನೆಲ್ಲ ಹೇಳುತ್ತದೆ, ಬೋರ್ಡ್ ಹೆಚ್ಚೆಂದರೆ ಎಷ್ಟು ಜಿಬಿ ಒಪ್ಪೀತು ಎಂಬುದನ್ನೂ ಸೇರಿಸಿ. ಆ ಕೊನೆಯ ಅಂಕಿಯನ್ನು ಮಾತ್ರ ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ತಾಳೆ ನೋಡಿಕೊಳ್ಳುವುದು ಒಳ್ಳೆಯದು.

ಡಬ್ಬಿ ಬಿಚ್ಚಿ ಈಗಿರುವ ರ‍್ಯಾಮನ್ನು ಕೈಗೆ ತೆಗೆದುಕೊಂಡರೆ ಅದರ ಬಿಳಿ ಚೀಟಿಯೇ ಎಲ್ಲ ಹೇಳುತ್ತದೆ. ಆ ಸಾಲನ್ನು ಓದಲು ಕಲಿತವರನ್ನು ಯಾರೂ ಮೋಸಗೊಳಿಸಲಾರರು. ಹಾಗಾಗಿ ಅಂಥದ್ದೊಂದನ್ನು ಬಿಡಿಸಿ ನೋಡೋಣ. ಸಾಲು ಹೀಗಿದೆ ಎಂದುಕೊಳ್ಳಿ: ‘8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಯುಎ2-11’. 8ಜಿಬಿ ಸರಿ. ‘1ಆರ್‌ಎಕ್ಸ್8’ನಲ್ಲಿ ಮುಂದಿನ ಒಂದು ಎಂದರೆ ಚಿಪ್ಪುಗಳು ಒಂದೇ ಗುಂಪಾಗಿ ಕೆಲಸ ಮಾಡುತ್ತವೆ, ಇದಕ್ಕೆ ರ‍್ಯಾಂಕ್ ಎನ್ನುತ್ತಾರೆ. ಕೊನೆಯ ಎಂಟು ಎಂದರೆ ಒಂದೊಂದು ಚಿಪ್ಪು ಒಮ್ಮೆಗೆ ಎಂಟು ಬಿಟ್ ಕೊಡುತ್ತದೆ. ಬೋರ್ಡಿಗೆ ಒಮ್ಮೆಗೆ 64 ಬಿಟ್ ಬೇಕು, ಆದ್ದರಿಂದ ಈ ರ‍್ಯಾಮಿನ ಮೇಲೆ ಎಂಟು ಚಿಪ್ಪುಗಳಿವೆ. ‘2ಆರ್‌ಎಕ್ಸ್8’ ಆಗಿದ್ದರೆ ಹದಿನಾರು ಇರುತ್ತವೆ, ‘1ಆರ್‌ಎಕ್ಸ್16’ ಆಗಿದ್ದರೆ ನಾಲ್ಕೇ. ‘ಪಿಸಿ4’ ಎಂದರೆ ಡಿಡಿಆರ್4. ‘2666’ ವೇಗ. ಪಕ್ಕದ ‘ವಿ’ ಅಕ್ಷರ ರ‍್ಯಾಮ್ ಉತ್ತರಿಸಲು ತೆಗೆದುಕೊಳ್ಳುವ ಬಡಿತಗಳ ಗುರುತು, ಅಂದರೆ ಸಿಎಲ್ 19. ಆಮೇಲೆ ಬರುವ ‘ಯು’ ಬಹಳ ಮುಖ್ಯ. ಅದು ಸಾಮಾನ್ಯ ಡೆಸ್ಕ್‌ಟಾಪಿನದು ಎಂಬುದರ ಗುರುತು. ಅಲ್ಲಿ ‘ಎಸ್’ ಇದ್ದರೆ ಲ್ಯಾಪ್‌ಟಾಪಿನದು. ‘ಆರ್’ ಇದ್ದರೆ ಸರ್ವರಿನದು, ಅದನ್ನು ಕೆಳಗಿಟ್ಟು ಮುಂದೆ ನಡೆಯಬೇಕು.

ಡಿಡಿಆರ್3ರ ಚೀಟಿಯಲ್ಲಿ ವೇಗವನ್ನು ಬೇರೆ ರೀತಿಯಲ್ಲಿ ಬರೆದಿರುತ್ತಾರೆ. ‘ಪಿಸಿ3ಎಲ್-12800ಯು’ ಎಂದಿದ್ದರೆ 12800 ಎಂಬುದು ಸೆಕೆಂಡಿಗೆ ಸಾಗುವ ಮೆಗಾಬೈಟ್. ಎಂಟರಿಂದ ಭಾಗಿಸಿದರೆ 1600 ಬರುತ್ತದೆ. ಡಿಡಿಆರ್4ರಲ್ಲೂ ಕೆಲವು ಕಂಪನಿಗಳು 2666 ಎನ್ನುವ ಬದಲು 21300 ಎಂದು, 3200ರ ಬದಲು 25600 ಎಂದು ಬರೆಯುತ್ತವೆ. ದೊಡ್ಡ ಅಂಕಿ ಕಂಡು ಹೆಚ್ಚಿನದೆಂದು ದುಡ್ಡು ಕೊಡಬಾರದು. ‘ಪಿಸಿ3’ರ ಪಕ್ಕದ ಆ ಒಂದು ‘ಎಲ್’ ಅಕ್ಷರ 1.35 ವೋಲ್ಟಿನಲ್ಲೂ ಓಡುತ್ತದೆ ಎಂಬುದನ್ನು ಹೇಳುತ್ತದೆ. ‘ಎಲ್’ ಇರುವ ರ‍್ಯಾಮ್ 1.5 ವೋಲ್ಟಿನ ಹಳೆಯ ಬೋರ್ಡಿನಲ್ಲೂ ನಡೆಯುತ್ತದೆ. ತಿರುಗುಮುರುಗು ನಡೆಯುವುದಿಲ್ಲ: ನಾಲ್ಕನೇ ಜನರೇಷನ್ನಿನ ಬಹಳಷ್ಟು ಲ್ಯಾಪ್‌ಟಾಪುಗಳು 1.35 ವೋಲ್ಟನ್ನು ಮಾತ್ರ ಕೊಡುತ್ತವೆ, ‘ಎಲ್’ ಇಲ್ಲದ ರ‍್ಯಾಮ್ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಡಿಡಿಆರ್3ಎಲ್ ಕೇಳುವ ಆರನೇ ಜನರೇಷನ್ನಿನ ಬೋರ್ಡಿಗೆ 1.5 ವೋಲ್ಟಿನದನ್ನು ಹಾಕಿ ಓಡಿಸುವುದು ಪ್ರೊಸೆಸರಿಗೇ ಅಪಾಯ.

ಸಿರುಗುಪ್ಪದ ಅಕ್ಕಿ ಗಿರಣಿಗಳ ವೇಬ್ರಿಡ್ಜ್‌ಗಳನ್ನು ಇಲ್ಲಿ ನೆನೆಯಲೇಬೇಕು. ಭತ್ತದ ಲೋಡು ತೂಗುವ ಕಡೆ ಹಳೆಯ ಕಂಪ್ಯೂಟರೇ ಬೇಕಾಗುವುದಕ್ಕೆ ಕಾರಣವಿದೆ. ತೂಕದ ಇಂಡಿಕೇಟರಿನಿಂದ ಬರುವ ವೈರು ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗೆ ಸೇರುತ್ತದೆ, ಹಳೆಯ ಬೋರ್ಡುಗಳಲ್ಲಿ ಅದು ತಾನಾಗಿಯೇ ಇರುತ್ತದೆ. ತೂಕದ ಚೀಟಿ ಕೊಡುವುದಕ್ಕೆ 2 ಜಿಬಿ ಸಾಕು. ಅದರಲ್ಲೇ ಜಿಎಸ್‌ಟಿ ಬಿಲ್ಲು, ಇ-ವೇ ಬಿಲ್ಲು ಎಲ್ಲ ಮಾಡಬೇಕೆಂದಾಗ ರ‍್ಯಾಮ್ ಹೆಚ್ಚಿಸುವ ಪ್ರಶ್ನೆ ಬರುತ್ತದೆ. ಇಂಥಲ್ಲಿ ಸಿಗಬಹುದಾದ ಜಿ41 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಒಂದು ದೊಡ್ಡ ತೊಡಕಿದೆ.

ಜಿ41 ಬೋರ್ಡುಗಳಲ್ಲಿ ಕೆಲವು ಡಿಡಿಆರ್2, ಕೆಲವು ಡಿಡಿಆರ್3. ಎರಡು ಸ್ಲಾಟಿಗೆ ಸೇರಿ 8 ಜಿಬಿ ಮಿತಿ, ಅಂದರೆ ಸ್ಲಾಟಿಗೆ 4. ಬಳ್ಳಾರಿಯಿಂದ ತಂದ ಚೊಕ್ಕ ಹೊಸ 4 ಜಿಬಿ ಡಿಡಿಆರ್3 ಹಾಕಿದರೆ ಕೆಲವೊಮ್ಮೆ ಡಿಸ್‌ಪ್ಲೇ ಬರುವುದಿಲ್ಲ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. 4 ಜಿಬಿ ಎಂದರೆ 32 ಗಿಗಾಬಿಟ್. ಈಚಿನ ರ‍್ಯಾಮಿನಲ್ಲಿ 4 ಗಿಗಾಬಿಟ್ಟಿನ ಎಂಟು ಚಿಪ್ಪು ಕೂರಿಸಿ ಅದನ್ನು ಮುಟ್ಟಿಸುತ್ತಾರೆ. ಜಿ41 ಬಂದದ್ದು 2008ರಲ್ಲಿ. ಅಷ್ಟು ದಟ್ಟವಾದ ಚಿಪ್ಪನ್ನು ಓದಲು ಅದಕ್ಕೆ ಬರುವುದಿಲ್ಲ. ಅದಕ್ಕೆ ಬೇಕಿರುವುದು 2 ಗಿಗಾಬಿಟ್ಟಿನ ಹದಿನಾರು ಚಿಪ್ಪು ಇರುವ, ಎರಡೂ ಬದಿ ತುಂಬಿರುವ, ಚೀಟಿಯಲ್ಲಿ ‘2ಆರ್‌ಎಕ್ಸ್8’ ಎಂದಿರುವ 4 ಜಿಬಿ ರ‍್ಯಾಮ್. ಅಂಗಡಿಯಲ್ಲಿ ಜಿಬಿ ಕೇಳುವ ಬದಲು ‘ಹದಿನಾರು ಚಿಪ್ಪಿಂದು ಕೊಡ್ರಿ, ಜಿ41 ಬೋರ್ಡಿಗೆ’ ಎಂದರೆ ಅನುಭವಸ್ಥರಿಗೆ ತಕ್ಷಣ ಅರ್ಥವಾಗುತ್ತದೆ.

ಎಚ್61, ಎಚ್81 ಬೋರ್ಡುಗಳಿಗೆ ಈ ಕಾಟವಿಲ್ಲ. ಎರಡು ಸ್ಲಾಟು, ಸ್ಲಾಟಿಗೆ 8 ಜಿಬಿ, ಒಟ್ಟು 16. ಆದರೆ ಆ ಕಾಲದ ಇಂಟೆಲ್ ಪ್ರೊಸೆಸರುಗಳು 16 ಜಿಬಿಯ ಒಂಟಿ ಡಿಡಿಆರ್3 ರ‍್ಯಾಮನ್ನು ಒಪ್ಪುವುದಿಲ್ಲ. ಎಚ್61ರಲ್ಲಿ ಎರಡನೇ ಜನರೇಷನ್ ಪ್ರೊಸೆಸರ್ ಇದ್ದರೆ 1600 ವೇಗದ ರ‍್ಯಾಮ್ 1333ರಲ್ಲೇ ಓಡುತ್ತದೆ. ಅದರಿಂದ ತೊಂದರೆಯೇನಿಲ್ಲ. ರ‍್ಯಾಮಿನ ವೇಗ ಬೋರ್ಡಿಗಿಂತ ಹೆಚ್ಚಿದ್ದರೆ ಅದು ತಾನೇ ಇಳಿದುಕೊಳ್ಳುತ್ತದೆ.

ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುವ ಕೆಲವು ರ‍್ಯಾಮುಗಳ ವಿವರಣೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ‘ಎಎಂಡಿಗೆ ಮಾತ್ರ’ ಎಂದಿರುತ್ತದೆ. ಒಂದೊಂದು ಚಿಪ್ಪು ನಾಲ್ಕೇ ಬಿಟ್ ಕೊಡುವ ರಚನೆ ಅವುಗಳದ್ದು, ಕೆಲವು ಹಳೆಯ ಎಎಂಡಿ ಬೋರ್ಡುಗಳು ಅದನ್ನು ಸಹಿಸಿಕೊಳ್ಳುತ್ತವೆ, ಇಂಟೆಲ್ ಬೋರ್ಡುಗಳು ಸಹಿಸುವುದಿಲ್ಲ. ಹಾಗೆಯೇ ದೊಡ್ಡ ಕಚೇರಿಗಳ ಸರ್ವರುಗಳಿಂದ ಕಳಚಿದ ರ‍್ಯಾಮ್ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬರುತ್ತದೆ. ಸಾಮಾನ್ಯ ಡೆಸ್ಕ್‌ಟಾಪಿಗೆ ಅದು ಕೆಲಸಕ್ಕೆ ಬಾರದು. ಚೀಟಿ ಹರಿದಿದ್ದರೂ ಗುರುತಿಸಬಹುದು: ಸಾಲಿನಲ್ಲಿ ಎಂಟರ ಬದಲು ಒಂಬತ್ತು ಚಿಪ್ಪುಗಳು, ನಡುವೆ ಬೇರೆ ಆಕಾರದ ಇನ್ನೊಂದು ಚಿಪ್ಪು. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದವರ ಕೈಯಲ್ಲಿ ತರಿಸಿಕೊಳ್ಳುವವರಂತೂ ಅವರಿಗೆ ಚೀಟಿಯ ಫೋಟೋ ಕಳಿಸುವಂತೆ ಹೇಳಿ, ಅದನ್ನು ಓದಿದ ಮೇಲೆಯೇ ಹಣ ಕೊಡಿಸಬೇಕು. ಅಲ್ಲಿಂದ ಕುರುಗೋಡಿಗೆ ಬಂದ ಮೇಲೆ ವಾಪಸ್ ಕಳಿಸುವುದು ಎಂದರೆ ಆಗದ ಮಾತು. ಬಣ್ಣದ ಲೋಹದ ಹೊದಿಕೆ ಇರುವ ಸೆಕೆಂಡ್ ಹ್ಯಾಂಡ್ ರ‍್ಯಾಮಿಗಿಂತ ಚಿಪ್ಪು ಕಣ್ಣಿಗೆ ಕಾಣುವ ಬರಿಯ ಹಸಿರು ಪಟ್ಟಿಯನ್ನೇ ನಾನು ಆರಿಸುತ್ತೇನೆ. ಹೊದಿಕೆಯ ಅಡಿ ಏನಿದೆ ಎಂದು ಎಣಿಸಲಾಗುವುದಿಲ್ಲ.

ಈಗಿರುವುದರ ಜೊತೆ ಇನ್ನೊಂದನ್ನು ಸೇರಿಸುವುದೋ, ಹಳೆಯದನ್ನು ತೆಗೆದು ಹೊಸದೊಂದನ್ನು ಹಾಕುವುದೋ? ಸ್ಲಾಟ್ ಖಾಲಿ ಇದ್ದರೆ ಸೇರಿಸುವುದೇ ಲಾಭ. ಒಂದೇ ಅಳತೆಯ ಎರಡು ರ‍್ಯಾಮುಗಳನ್ನು ಎರಡು ಚಾನೆಲ್ಲಿನಲ್ಲಿ ಹಾಕಿದರೆ ಪ್ರೊಸೆಸರ್ ಎರಡರಿಂದಲೂ ಏಕಕಾಲಕ್ಕೆ ಓದುತ್ತದೆ. ಕಾಲುವೆಗೆ ಒಂದರ ಬದಲು ಎರಡು ತೂಬು ತೆರೆದಂತೆ ಗದ್ದೆಗೆ ಬರುವ ನೀರು ಹೆಚ್ಚುತ್ತದೆ. ನಮ್ಮ ಅಂಗಡಿಗಳ ಕಂಪ್ಯೂಟರುಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದು ಅಪರೂಪ. ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ರ‍್ಯಾಮಿನಿಂದ ತನ್ನ ಪಾಲು ತೆಗೆದುಕೊಳ್ಳುತ್ತದೆ. ಆದ್ದರಿಂದ ಫೋಟೋಶಾಪ್, ಕೋರೆಲ್‌ಡ್ರಾಗಳಲ್ಲಿ ಬ್ಯಾನರ್ ಮಾಡುವವರಿಗೆ ಈ ಜೋಡಿಯ ಅನುಕೂಲ ಹೆಚ್ಚೇ ತಟ್ಟುತ್ತದೆ. ಕಂಪನಿ ಬೇರೆ ಇದ್ದರೂ ನಡೆಯುತ್ತದೆ. ವೇಗ ಬೇರೆ ಇದ್ದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ತಲೆಮಾರು ಬೇರೆ ಇರಬಾರದು, ವೋಲ್ಟೇಜು ಬೇರೆ ಇಲ್ಲದಿದ್ದರೆ ಒಳ್ಳೆಯದು. 4ರ ಜೊತೆ 8 ಹಾಕಿದರೂ ಇಂಟೆಲ್ ಬೋರ್ಡುಗಳು 4ಕ್ಕೆ 4ನ್ನು ಜೋಡಿ ಮಾಡಿ ಉಳಿದ 4ನ್ನು ಒಂಟಿಯಾಗಿ ನಡೆಸುತ್ತವೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಜೋಡಿ ಕೂರಿಸಬೇಕು.

ಲ್ಯಾಪ್‌ಟಾಪ್ ಕೊಂಡವರು ಮೊದಲು ಸ್ಲಾಟ್ ಇದೆಯೇ ಎಂದೇ ನೋಡಬೇಕು. ತೆಳ್ಳಗಿನ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕೊಳ್ಳುವ ದಿನ ಇದ್ದಷ್ಟೇ ಕೊನೆಯವರೆಗೂ. ಮಕ್ಕಳ ಓದಿಗೆಂದು ಲ್ಯಾಪ್‌ಟಾಪ್ ಕೊಳ್ಳುವ ತಂದೆತಾಯಿ ಈ ಪ್ರಶ್ನೆಯನ್ನು ಅಂಗಡಿಯಲ್ಲೇ ಕೇಳಬೇಕು.

ಎಷ್ಟು ಬೇಕು? ಅರ್ಜಿ ಕೇಂದ್ರಕ್ಕೂ ಬಿಲ್ಲಿಂಗಿಗೂ 8 ಜಿಬಿ ಸಾಕು. ಬ್ಯಾನರು, ಮದುವೆ ಆಲ್ಬಮ್ಮು, ವಿಡಿಯೋ ಎಡಿಟಿಂಗ್ ಮಾಡುವವರಿಗೆ 16. ಅದಕ್ಕಿಂತ ಹೆಚ್ಚಿನದನ್ನು ಈಗಿನ ದರದಲ್ಲಿ ಹಾಕಿಸಿ ಎಂದು ನಾನು ಹೇಳಲಾರೆ. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಜನರೇಷನ್ನಿನಿಂದ ಈಚಿನವನ್ನು. ಹಾಗಾಗಿ ಮೂರನೇ, ನಾಲ್ಕನೇ ಜನರೇಷನ್ನಿನ ಯಂತ್ರಕ್ಕೆ ಹೊಸ ರ‍್ಯಾಮಿನ ಪೂರ್ತಿ ಬೆಲೆ ತೆರುವ ಮೊದಲು ಯೋಚಿಸಬೇಕು. ಸೆಕೆಂಡ್ ಹ್ಯಾಂಡ್ ಡಿಡಿಆರ್3 ಹಾಕಿ ಉಬುಂಟುವಿನಂಥ ಲಿನಕ್ಸ್ ನಡೆಸುವುದು ಒಂದು ದಾರಿ. ಕಾಸರಗೋಡೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಅಂಥದ್ದರಲ್ಲೇ.

ಬಳ್ಳಾರಿ ಸೀಮೆಯ ಬಿಸಿಲಿಗೂ ರ‍್ಯಾಮಿಗೂ ನಂಟಿದೆ. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಕಂಡುಕೊಂಡ, 1968ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇಂದಿಗೂ ಪ್ರತಿ ರ‍್ಯಾಮಿನೊಳಗಿದೆ: ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರು, ವಿದ್ಯುತ್ತನ್ನು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರು. ಆ ಕೆಪಾಸಿಟರ್ ಸೋರುತ್ತಲೇ ಇರುತ್ತದೆ. ಆದ್ದರಿಂದ ಡಿಡಿಆರ್4ರವರೆಗಿನ ರ‍್ಯಾಮಿನಲ್ಲಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ಚಿಪ್ಪಿನ ಬಿಸಿ 85 ಡಿಗ್ರಿ ದಾಟಿದರೆ ಸೋರಿಕೆ ಹೆಚ್ಚಿ, 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕಾಗುತ್ತದೆ. ಹೊರಗೆ 42 ಡಿಗ್ರಿ ಬಿಸಿಲು, ಮೇಲೆ ತಗಡಿನ ಚಾವಣಿ, ಡಬ್ಬಿಯೊಳಗೆ ತೌಡಿನದೋ ಮೆಣಸಿನಕಾಯಿಯದೋ ಧೂಳು ಮೆತ್ತಿದ ಫ್ಯಾನು ಇದ್ದರೆ ಚಳಿಗಾಲದಲ್ಲಿ ಸರಿಯಿದ್ದ ಯಂತ್ರ ಏಪ್ರಿಲಿನಲ್ಲಿ ನೀಲಿ ಪರದೆ ತೋರಿಸಬಹುದು. ಅದಕ್ಕೆ ಹೊಸ ರ‍್ಯಾಮ್ ತರುವ ಮೊದಲು ಧೂಳು ಊದಿಸಿ, ಫ್ಯಾನು ತಿರುಗುವಂತೆ ಮಾಡಿ ನೋಡಬೇಕು.

ಕೂರಿಸುವ ಕೆಲಸ ಮನೆಯಲ್ಲೇ ಆಗುತ್ತದೆ. ಸ್ವಿಚ್ ಆರಿಸಿ, ವೈರು ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ನಮ್ಮ ಕಡೆಯ ಒಣಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟವರ ಮೈಯಲ್ಲಿ ಸ್ಥಿರವಿದ್ಯುತ್ ಸುಲಭವಾಗಿ ಸೇರುತ್ತದೆ, ಮೊದಲು ಡಬ್ಬಿಯ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ರ‍್ಯಾಮನ್ನು ಅಂಚಿನಲ್ಲಿ ಹಿಡಿದು, ಕಚ್ಚು ನೋಡಿ, ಎರಡೂ ತುದಿಯನ್ನು ಸಮನಾಗಿ ಒತ್ತಿದರೆ ಕ್ಲಿಪ್ಪು ಟಕ್ಕೆಂದು ಮೇಲೇರುತ್ತದೆ. ಡಿಸ್‌ಪ್ಲೇ ಬರದೆ ಬೀಪ್ ಶಬ್ದ ಮರಳಿ ಮರಳಿ ಬರುತ್ತಿದ್ದರೆ ಬಹಳ ಸಲ ರ‍್ಯಾಮ್ ಪೂರ್ತಿ ಕೂತಿರುವುದಿಲ್ಲ, ಇಲ್ಲವೇ ಚಿನ್ನದ ಬಣ್ಣದ ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ. ಪೆನ್ಸಿಲ್ಲಿನ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ಕೂರಿಸಬಹುದು. ಮರಳು ಕಾಗದ ಮುಟ್ಟಿಸಿದರೆ ಲೇಪವೇ ಹೋಗುತ್ತದೆ. ಡಿಡಿಆರ್5 ಯಂತ್ರಗಳು ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಡಿಸ್‌ಪ್ಲೇ ಕೊಡಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಹೊಸ ರ‍್ಯಾಮಿನ ಗುಣವನ್ನು ಅದು ಅಳೆದು ನೋಡುತ್ತಿರುತ್ತದೆ, ಆ ಹೊತ್ತಿನಲ್ಲಿ ಕರೆಂಟು ತೆಗೆಯಬಾರದು.

ಜಿಬಿ ಸರಿಯಾಗಿ ಕಂಡಿತೆಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನಲಾಗದು. ಮೆಮ್‌ಟೆಸ್ಟ್86+ ಎಂಬ ಉಚಿತ ಸಾಫ್ಟ್‌ವೇರನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಕಂಪ್ಯೂಟರ್ ಶುರುಮಾಡಿ ರಾತ್ರಿಯಿಡೀ ಓಡಲು ಬಿಡಬೇಕು. ಕರೆಂಟು ಹೋಗಿಬರುವ ಊರಾದ್ದರಿಂದ ಯುಪಿಎಸ್ ಇದ್ದರೆ ಉತ್ತಮ. ಬೆಳಿಗ್ಗೆ ಪರದೆಯ ಮೇಲೆ ಒಂದೇ ಒಂದು ಕೆಂಪು ಸಾಲು ಇದ್ದರೂ ಹಳೆಯ ರ‍್ಯಾಮ್ ತೆಗೆದಿಟ್ಟು ಹೊಸದನ್ನಷ್ಟೇ ಮತ್ತೊಮ್ಮೆ ಓಡಿಸಿ, ಆಗಲೂ ತಪ್ಪು ಬಂದರೆ ಪರದೆಯ ಫೋಟೋ ತೆಗೆದುಕೊಂಡು ಬಿಲ್ಲಿನ ಸಮೇತ ಅದೇ ದಿನ ಬಳ್ಳಾರಿಗೆ ಹೋಗಬೇಕು. ಸೆಕೆಂಡ್ ಹ್ಯಾಂಡ್ ಮಾಲಿಗೆ ಅಂಗಡಿಯವರು ಕೊಡುವ ಗಡುವು ಕೆಲವೇ ದಿನಗಳದ್ದು. ಆ ಗಡುವನ್ನು ಕೊಳ್ಳುವಾಗಲೇ ಬಿಲ್ಲಿನ ಮೇಲೆ ಬರೆಸಿಕೊಂಡಿರಬೇಕು.